ಹೆಡ್ಮಿಸ್ ಯಾರ ಸುಪರ್ದಿಯಲ್ಲಿತ್ತು

ಶುಕ್ರವಾರ ಬೆಳಗ್ಗೆ ಆರಕ್ಕೆ, ಎಂದಿನ ಹಾಗೆ, ನಲ್ಲಿಯಲ್ಲಿ ನೀರು ಬಂತು. ಮೇಸ್ತ್ರಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಕಣ್ಣೊರೆಸಿಕೊಂಡು ಒಬ್ಬೊಬ್ಬರಾಗಿ ಬಸ್ಸು ಹಿಡಿದಿದ್ದರು. ಮನೆಯಲ್ಲಿ ಉಳಿದವರು ಇಬ್ಬರೇ: ಮೇಸ್ತ್ರಿಯ ಹೆಂಡತಿ, ಮೇಸ್ತ್ರಿಯ ತಾಯಿ.

ಅತ್ತೆ, ತಮ್ಮ ಮಗನ ಕೆಲಸದ ಚಪ್ಪಲಿಯನ್ನು ಒಳಗಿಡುವುದೋ ಹೊರಗಿಡುವುದೋ ತಿಳಿಯದೆ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದರು. ಸೊಸೆ ಬಚ್ಚಲಲ್ಲಿ ಬಕೆಟ್ಟು ತುಂಬಿಸುತ್ತಿದ್ದಳು. ನೀರು ಕಂಠದ ತನಕ ಬಂತು, ಅಂಚು ಮೀರಿತು, ಅವಳ ಕಾಲ ಮೇಲೆ ಹರಿಯಿತು. ಅವಳು ನೋಡುತ್ತಲೇ ನಿಂತಿದ್ದಳು.

"ಏ ಹುಡುಗಿ, ನಲ್ಲಿ ನಿಲ್ಲಿಸೇ. ನೀರು ಚೆಲ್ತಾ ಇದೆ."

ನಿಲ್ಲಿಸಿದಳು. ನಾಲ್ಕು ದಿನದಿಂದ ಎದೆಯೊಳಗೆ ಅದುಮಿಟ್ಟುಕೊಂಡಿದ್ದ ಸಂಗತಿ ಆ ಬಕೆಟ್ಟು ಕಂಡದ್ದೇ ಮತ್ತೆ ಮೇಲೆದ್ದು ಬಂತು.

ಆ ಸಂಗತಿ ಒಂದು ಕತ್ತೆ.

ಆ ಊರಿನ ಮೇಲ್ಬೀದಿಗಳಿಗೆ ಗಾಡಿ ಹೋಗುವುದಿಲ್ಲ. ಅಲ್ಲಿರುವುದೆಲ್ಲ ಮೆಟ್ಟಿಲು. ಮೇಲೆ ಮನೆ ಕಟ್ಟುವವರಿರಲಿ, ಒಡೆದ ಗೋಡೆಗೆ ತೇಪೆ ಹಾಕುವವರಿರಲಿ, ಮರಳು, ಸಿಮೆಂಟು, ಇಟ್ಟಿಗೆಯನ್ನೆಲ್ಲ ಕತ್ತೆಯ ಬೆನ್ನ ಮೇಲೇ ಹತ್ತಿಸಬೇಕು. ಮರಳಜ್ಜಿ ಎಂದು ಎಲ್ಲರೂ ಕರೆಯುವ ಮುದುಕಿಯ ಹತ್ತಿರ ಅಂಥ ಒಂದು ಕತ್ತೆಯಿತ್ತು. ಅದಕ್ಕೊಂದು ಗುಣ. ಹಿಂದೆ ಯಾರೂ ಬರಬಾರದು, ಹಗ್ಗ ಯಾರೂ ಹಿಡಿಯಬಾರದು. ಕೆಳಗೆ ಒಬ್ಬರು ಹೇರಿದರೆ ತಾನೇ ಮೆಟ್ಟಿಲು ಹತ್ತಿ ಹೋಗಿ ಮೇಲಿನವರ ಮುಂದೆ ನಿಲ್ಲುತ್ತಿತ್ತು. ಇಳಿಸಿದ ಮೇಲೆ ತಾನೇ ಇಳಿದು ಬರುತ್ತಿತ್ತು. ಇಳಿಸುವವರು ತಡ ಮಾಡಿದರೆ ಮಾತ್ರ ಬೀದಿಗೆ ಬೀದಿಯೇ ಬೆಚ್ಚುವ ಹಾಗೆ ಕೂಗುತ್ತಿತ್ತು. ಶಾಲೆಯ ಹೆಡ್ಮಿಸ್ಟ್ರೆಸ್ ಹಾಗೆ ಹೊತ್ತಿಗೆ ಸರಿಯಾಗಿ ಬರುವುದು, ತಡವಾದವರನ್ನು ಗದರುವುದು. ಬೀದಿಯವರು ಅದಕ್ಕೆ ಹೆಡ್ಮಿಸ್ ಎಂದು ಹೆಸರಿಟ್ಟಿದ್ದರು.

ಬಿದ್ದುಹೋಗಿದ್ದ ಅಜ್ಜಿಯ ಹಿತ್ತಲ ಗೋಡೆಯನ್ನು ಮೇಸ್ತ್ರಿ ಎಬ್ಬಿಸಿ ಕೊಟ್ಟಿದ್ದ. ಆ ಋಣಕ್ಕೆ ಅಜ್ಜಿ, "ನಿನ್ನ ಮೇಲ್ಬೀದಿ ಕೆಲಸ ಮುಗಿಯೋ ತನಕ ಇವಳನ್ನ ಕರ್ಕೊಂಡು ಹೋಗು. ನಿನ್ನಷ್ಟಾದ್ರೂ ಕೆಲಸ ಮಾಡ್ತಾಳೆ" ಅಂದಿದ್ದಳು.

ಸೋಮವಾರ ಮಧ್ಯಾಹ್ನ ಮೇಸ್ತ್ರಿ ತಾನು ರಿಪೇರಿ ಮಾಡುತ್ತಿದ್ದ ಮೇಲ್ಬೀದಿಯ ಖಾಲಿ ಮನೆಯ ಕೆಳಕೋಣೆಯ ನೆರಳಿನಲ್ಲಿ ಹೆಡ್ಮಿಸ್ಸನ್ನು ಕಟ್ಟಿ, ಮುಂದೆ ಒಂದು ಬಕೆಟ್ಟು ನೀರಿಟ್ಟು, ಒಳಗೆ ಸಿಮೆಂಟು ಸಲಕರಣೆ ಇದ್ದದ್ದರಿಂದ ಬಾಗಿಲಿಗೆ ಬೀಗ ಹಾಕಿ, ಊಟಕ್ಕೆಂದು ಇಳಿದು ಹೊರಟ. ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವಳು ಆಫೀಸಿನಿಂದ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಅವನನ್ನು ಗಾಲಿಮಂಚದ ಮೇಲೆ ಒಳಗೆ ತಳ್ಳುತ್ತಿದ್ದರು. ಅವಳನ್ನು ಕಂಡು ಅವನು ಹೇಳಿದ್ದು ಇಷ್ಟು:

"ಹೆಡ್ಮಿಸ್‌ನ ಮೇಲೇ ಕಟ್ಟಿದೀನಿ. ಕೀಲಿ ಜೇಬಲ್ಲಿದೆ. ಅಜ್ಜಿಗೆ ಹೇಳ್ಬಿಡು."

"ಆಯ್ತು, ಹೇಳ್ತೀನಿ. ಈಗ ಮಾತಾಡ್ಬೇಡ."

ಅವನು ಅವಳ ಮಾತು ಕೇಳಿದ. ಸುಮ್ಮನಾದ. ಸಂಜೆ ಐದಕ್ಕೆ ನರ್ಸು ಬಂದು ಅವನ ಬಟ್ಟೆಯನ್ನು ಚೀಲದಲ್ಲಿ ಹಾಕಿ ಕೊಟ್ಟಳು.

ಮರೆತೆ ಅಂದಿದ್ದರೆ ಯಾರಾದರೂ ನಂಬುತ್ತಿದ್ದರು. ಗಂಡ ಸತ್ತ ಹೊತ್ತಿನಲ್ಲಿ ಕತ್ತೆ ನೆನಪಿರಲಿಲ್ಲ ಎಂದರೆ ಅದರಲ್ಲಿ ತಪ್ಪೇನು? ಆದರೆ ಅವಳು ಮರೆತಿರಲಿಲ್ಲ. ಆಗಿದ್ದು ಬೇರೆ. ಆಸ್ಪತ್ರೆಯ ಅಂಗಳದಲ್ಲೇ ಅತ್ತೆ ಅವಳ ಎರಡೂ ತೋಳು ಹಿಡಿದು, "ಕೊನೆಗೆ ಏನಾದ್ರೂ ಹೇಳಿದ್ನಾ? ನನಗೆ, ನಿನಗೆ, ಏನಾದ್ರೂ?" ಎಂದು ಕೇಳಿದ್ದರು. ಅವಳು, "ಇಲ್ಲ ಅತ್ತೆ, ಏನೂ ಹೇಳಲಿಲ್ಲ" ಅಂದುಬಿಟ್ಟಿದ್ದಳು. ನಾಲ್ಕು ವರ್ಷ ಜೊತೆಗಿದ್ದ ಗಂಡ, ಕೊನೆಯ ಉಸಿರಿನಲ್ಲಿ ಹೆಂಡತಿಯ ಹೆಸರೆತ್ತದೆ ಕತ್ತೆಯ ವಿಷಯ ಹೇಳಿ ಹೋದ ಎಂದು ಯಾವ ಬಾಯಿಂದ ಹೇಳುವುದು? ಅವಳಿಗೆ ನಾಚಿಕೆಯಾಗಿತ್ತು. ಒಂದು ಸಲ ಏನೂ ಹೇಳಲಿಲ್ಲ ಎಂದ ಮೇಲೆ, ಕತ್ತೆಯ ವಿಷಯ ನಿನಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ? ಹಾಗೆ ಆ ಸುಳ್ಳು ಹೊರಗಿನಿಂದ ಇನ್ನೊಂದು ಬೀಗ ಹಾಕಿತು.

ಮಂಗಳವಾರ ಸ್ಮಶಾನದ ಗೇಟಿನಲ್ಲಿ ಮರಳಜ್ಜಿ ಬಂದು ಪಕ್ಕದಲ್ಲಿ ನಿಂತಳು. ಕೇಳಬಾರದ್ದನ್ನು ಕೇಳುವವಳ ಹಾಗೆ ದನಿ ತಗ್ಗಿಸಿ, "ಮಗಳೇ, ನಮ್ಮ ಹೆಡ್ಮಿಸ್ಸು?" ಅಂದಳು. ಸುತ್ತ ಅತ್ತೆ, ನಾದಿನಿ, ಚಿಕ್ಕಮ್ಮಂದಿರು. ಅವಳು, "ಇದಾಳೆ ಅಜ್ಜಿ. ಯಾರೋ ನೋಡ್ಕೋತಿದಾರೆ" ಅಂದಳು. ಅಜ್ಜಿ ತಲೆಯಾಡಿಸಿ ಹೊರಟುಹೋದಳು. ಬುಧವಾರ ಊಟಕ್ಕೆ ಕೂತಾಗ ಮತ್ತೆ ನೆನಪಾಯಿತು. ಗುರುವಾರ ಬೆಳಗ್ಗೆಯೂ. ಮೈದುನನನ್ನು ಕರೆದು ಕೀಲಿ ಕೊಟ್ಟರೆ ಸಾಕಿತ್ತು. ಎರಡು ಸಲ ಬಾಯಿ ತೆರೆದಳು. ಮೈದುನ, "ಏನತ್ತಿಗೆ, ನೀರು ಬೇಕಾ?" ಅಂದ. ನೀರು ತಂದುಕೊಟ್ಟ. ಕುಡಿದಳು.

ಇದೆಲ್ಲಕ್ಕಿಂತ ದೊಡ್ಡ ನಾಚಿಕೆಯೆಂದರೆ ಅವಳ ಕೆಲಸ. ಎಂ.ಎ. ಮುಗಿಸಿದವಳು ಪೌರಾಡಳಿತದ ಪ್ರಾಣಿರಕ್ಷಣಾ ಶಾಖೆಯಲ್ಲಿ ಗುಮಾಸ್ತೆ. ನಾಯಿಯನ್ನು ಬಿಸಿಲಲ್ಲಿ ಕಟ್ಟಿದವರಿಗೆ, ಹುಣ್ಣಾದ ಕುದುರೆಗೆ ಜೀನು ಬಿಗಿದವರಿಗೆ, ಊರಿಗೆ ಹೋಗುವಾಗ ಬೆಕ್ಕನ್ನು ಒಳಗೆ ಕೂಡಿಹಾಕಿದವರಿಗೆ ನೋಟಿಸು ಬರೆಯುವವಳು ಅವಳೇ. ಕಾಯ್ದೆಯ ಬಿಗಿ ಭಾಷೆಯನ್ನು ಮಕ್ಕಳಿಗೂ ತಿಳಿಯುವ ಹಾಗೆ ಬಿಡಿಸಿ ಒಂದು ಕರಪತ್ರ ಬರೆದಿದ್ದಳು. ಅದು ಊರಿನ ಗೋಡೆಗೋಡೆಗೂ ಅಂಟಿತ್ತು. "ಪ್ರಾಣಿ ನಿಮ್ಮದೇ ಆಗಿರಬೇಕಿಲ್ಲ. ಆ ಹೊತ್ತಿಗೆ ಅದು ಯಾರ ಸುಪರ್ದಿಯಲ್ಲಿದೆಯೋ ಅವರೇ ಮೇವು, ನೀರು, ನೆರಳಿಗೆ ಹೊಣೆ. ಗೊತ್ತಿದ್ದೂ ಸುಮ್ಮನಿರುವುದು ಹೊಡೆದಷ್ಟೇ ದೊಡ್ಡ ಅಪರಾಧ." ಆ ಕೊನೆಯ ಸಾಲಿಗೆ ಮೇಲಧಿಕಾರಿಗಳು ಅವಳ ಬೆನ್ನು ತಟ್ಟಿದ್ದರು.

ಶುಕ್ರವಾರ ಅವಳು ಚೀಲದಲ್ಲಿ ಕೀಲಿ ಹಾಕಿಕೊಂಡು ಹೊರಟಳು.

"ಎಲ್ಲಿಗೆ?" ಅಂದರು ಅತ್ತೆ.

"ಆಫೀಸಿಗೆ."

"ಇವತ್ತೇನಾ?"

"ಮನೇಲಿದ್ದು ಏನು ಮಾಡ್ಲಿ ಅತ್ತೆ?"

ಮೆಟ್ಟಿಲ ಬುಡದ ತನಕ ಹೋದಳು. ಅಲ್ಲಿ ನಿಂತಳು. ಮೇಲಿನಿಂದ ಸದ್ದೇ ಇರಲಿಲ್ಲ. ಸದ್ದಿದ್ದಿದ್ದರೆ ಹತ್ತುತ್ತಿದ್ದಳೋ ಏನೋ. ಆ ಬಾಗಿಲ ಹಿಂದೆ ಏನು ಕಾಣಬಹುದು ಎಂದು ನೆನೆದಳು. ತಿರುಗಿ ಆಫೀಸಿನ ದಾರಿ ಹಿಡಿದಳು.

ಇನ್ಸ್‌ಪೆಕ್ಟರ್ ನಿವೃತ್ತಿಗೆ ಹತ್ತಿರವಾದ ಮನುಷ್ಯ, ಸಿಟ್ಟು ಬಂದರೂ ಎರಡು ನಿಮಿಷಕ್ಕಿಂತ ಇಟ್ಟುಕೊಳ್ಳಲು ಬಾರದವರು. ಅವಳನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದರು.

"ಏನಮ್ಮಾ ಇದು, ಇಷ್ಟು ಬೇಗ ಬಂದ್ಬಿಟ್ಟೆ? ಇಲ್ಲೇನು ಊರು ಮುಳುಗ್ತಿತ್ತಾ? ಕೂತ್ಕೋ. ಟೀ ತರಿಸ್ಲಾ?"

"ಬೇಡ ಸಾರ್."

ಅವರ ಮೇಜಿನ ಮೇಲೆ ಒಂದು ಚೀಟಿ ಇತ್ತು. ಅಳತೆ ಬರೆದುಕೊಳ್ಳುವ ಪುಸ್ತಕದಿಂದ ಹರಿದದ್ದು. ಒಂದು ಬದಿಯಲ್ಲಿ ಯಾರದೋ ಎದೆ, ಸೊಂಟ, ತೋಳಿನ ಉದ್ದ. ಇನ್ನೊಂದು ಬದಿಯಲ್ಲಿ, ಮೇಲ್ಬೀದಿಯ ಖಾಲಿ ಮನೆಯೊಳಗೆ ಕತ್ತೆ ಕೂಗುತ್ತಿತ್ತು, ನಿನ್ನೆಯಿಂದ ಕೂಗು ನಿಂತಿದೆ, ದಯವಿಟ್ಟು ಬಂದು ನೋಡಬೇಕು, ಇಂತಿ ಟೈಲರ್.

"ಆ ಮನೆ ನಿಮ್ಮೆಜಮಾನರು ರಿಪೇರಿ ಮಾಡ್ತಿದ್ದದ್ದೇ ಅಲ್ವಾ?" ಎಂದರು ಇನ್ಸ್‌ಪೆಕ್ಟರ್. ಅಂದ ಮೇಲೆ ಅವರಿಗೇ ಕಸಿವಿಸಿಯಾಯಿತು. "ನೀನು ಇಲ್ಲೇ ಇರು. ನಾನು ದನದ ಡಾಕ್ಟರಮ್ಮನ್ನ ಕರ್ಕೊಂಡು ಹೋಗಿ ಬರ್ತೀನಿ."

"ನಾನೂ ಬರ್ತೀನಿ ಸಾರ್."

ಟೈಲರ್ ಅಂಗಡಿ ಆ ಮನೆಗೆ ಎದುರೇ. ಅವನು ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿ ಬಂದ. "ಅಯ್ಯೋ ಸಾರ್, ನಂದೂ ತಪ್ಪೇ. ಸೋಮವಾರ ಸಂಜೆಯಿಂದ ಕೂಗು. ಮೇಸ್ತ್ರಿ ಹೋದ ಮೇಲೆ ಬೇರೆ ಯಾರೋ ಕೆಲಸ ಹಿಡಿದಿದ್ದಾರೆ, ಇಳಿಸೋದು ತಡ ಆಗಿದೆ, ಹೆಡ್ಮಿಸ್ಸು ಬೈತಿದಾಳೆ ಅನ್ಕೊಂಡೆ. ನಾವೆಲ್ಲ ನಕ್ವಿ ಕೂಡಾ. ಹೊಸಬನಿಗೆ ಮಂಗಳಾರತಿ ಆಗ್ತಿದೆ ಅಂತ. ಕೂಗು ನಿಂತಾಗಲೇ ನನಗೆ ಎದೆ ಧಸಕ್ ಅಂದಿದ್ದು." ಅವಳು ಯಾರೆಂದು ಆಗ ಗಮನಕ್ಕೆ ಬಂದು ಬಾಯಿ ಮುಚ್ಚಿಕೊಂಡ.

ಇನ್ಸ್‌ಪೆಕ್ಟರ್ ಬೀಗ ಎಳೆದು ನೋಡಿದರು. "ಒಂದು ಸುತ್ತಿಗೆ ತಗೊಂಡು ಬಾಪ್ಪಾ."

ಟೈಲರ್ ಸುತ್ತಿಗೆಗೆ ಓಡಿದ. ಅವಳ ಕೈ ಚೀಲದೊಳಗೆ ಹೋಯಿತು. ಕೀಲಿ ತೆಗೆದು ಇನ್ಸ್‌ಪೆಕ್ಟರ್ ಮುಂದೆ ಚಾಚಿದಳು. ಅವರು ಮೊದಲು ಕೀಲಿ ನೋಡಿದರು, ಆಮೇಲೆ ಅವಳ ಮುಖ. ಬೀಗ ತೆರೆದು, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಒಳಗಿನ ವಾಸನೆ ಮೊದಲು ಬಂತು. ಹೆಡ್ಮಿಸ್ ಕಂಬವನ್ನು ಸುತ್ತಿ ಸುತ್ತಿ, ಹಗ್ಗವೆಲ್ಲ ಕಂಬಕ್ಕೆ ಸುತ್ತಿಕೊಂಡು, ಮೂತಿ ಕಲ್ಲಿಗೆ ಒತ್ತಿ ಹೋಗಿತ್ತು. ಮಲಗಲೂ ಆಗದ, ನಿಲ್ಲಲೂ ಆಗದ ಹಾಗೆ ಮುಂಗಾಲು ಮಡಿಸಿ ಜೋತಾಡುತ್ತಿತ್ತು. ಕುತ್ತಿಗೆಯಲ್ಲಿ ಹಗ್ಗ ಚರ್ಮ ಹರಿದು ಒಳಗೆ ಇಳಿದಿತ್ತು. ಕಾಲಿಗೆ ತಾಗಿ ಮಗುಚಿದ ಬಕೆಟ್ಟು ಮೂಲೆಗೆ ಉರುಳಿತ್ತು. ಎಟುಕಿದಷ್ಟು ಎತ್ತರಕ್ಕೆ ಗೋಡೆಯ ಹಸಿ ಗಾರೆಯನ್ನು ನೆಕ್ಕಿದ ಗುರುತು. ಸಿಮೆಂಟು ಚೀಲದ ಕಾಗದ ಹರಿದು ತಿಂದಿತ್ತು. ಕಣ್ಣು ತೆರೆದೇ ಇತ್ತು. ಬೆಳಕು ಬಿದ್ದಾಗ ಒಂದು ಕಿವಿ ಮಾತ್ರ ಅಲುಗಿತು.

ಡಾಕ್ಟರಮ್ಮ ಹಗ್ಗ ಕತ್ತರಿಸಿದರು. "ನೀರು ಒಟ್ಟಿಗೆ ಕೊಡಬೇಡಿ. ಒಂದು ಮಗ್ಗು, ಆಮೇಲೆ ಕಾಯಿರಿ." ಅವಳು ಟೈಲರ್ ತಂದ ನೀರಿನಿಂದ ಒಂದು ಮಗ್ಗು ಹಿಡಿದಳು. ಮಗ್ಗಿಗೆ ಹಲ್ಲು ಬಡಿಯುವ ಸದ್ದು ಕೋಣೆಯಲ್ಲಿ ಕೇಳಿತು. "ಇನ್ನೊಂದು ದಿನ ಕಳೆದಿದ್ರೆ ನನ್ನನ್ನ ಕರೆಯೋ ಅವಶ್ಯಕತೆ ಇರ್ತಿರಲಿಲ್ಲ. ಯಾರು ಆ ಮಹಾನುಭಾವರು, ಹೀಗೆ ಕಟ್ಟಿ ಮನೇಲಿ ಆರಾಮಾಗಿ ಕೂತಿರೋರು? ಒಂದು ನಾಲ್ಕು ದಿನ ಅವರನ್ನೂ ಇಲ್ಲೇ ಕಟ್ಟಬೇಕು."

ಅವಳು ಎರಡನೇ ಮಗ್ಗು ತುಂಬಿದಳು.

ಹೆಡ್ಮಿಸ್ಸನ್ನು ನಾಲ್ವರು ಹಲಗೆಯ ಮೇಲೆ ಹೊತ್ತು ಸರ್ಕಾರಿ ಪ್ರಾಣಿಶಾಲೆಗೆ ಇಳಿಸಿದರು. ಮೆಟ್ಟಿಲ ಎರಡೂ ಬದಿ ಜನ ನಿಂತು ನೋಡಿದರು. ಸ್ಥಳದ ವರದಿ ಬರೆಯಲು ಇನ್ಸ್‌ಪೆಕ್ಟರ್ ಟೈಲರ್ ಅಂಗಡಿಯ ಕಟ್ಟೆಯ ಮೇಲೆ ಕೂತರು. ಟೈಲರನ್ನು ಒಳಗೆ ಕಳಿಸಿ, ಅವಳನ್ನು ಹತ್ತಿರ ಕರೆದರು.

"ನೋಡಮ್ಮಾ, ಬೀಗ ಒಡೆದು ತೆಗೆದೆವು ಅಂತ ಬರೀತೀನಿ. ಸುಪರ್ದಿಯಲ್ಲಿದ್ದವರು ಅನ್ನೋ ಕಾಲಮಿಗೆ ನಿಮ್ಮೆಜಮಾನರ ಹೆಸರು. ಮುಂದೆ, ಮೃತರಾಗಿದ್ದಾರೆ. ಸತ್ತವರ ಮೇಲೆ ಕೇಸು ನಡೆಯಲ್ಲ. ಕಡತ ಅಲ್ಲಿಗೇ ಮುಚ್ಚಿತು."

"ಸಾರ್..."

"ನೀನೇನೂ ಹೇಳಬೇಡ. ನೀನು ಹೇಳಿದ್ರೆ ನಾನು ಕೇಳಿಸ್ಕೋಬೇಕಾಗುತ್ತೆ."

ಒರಟು ಕೈಬರಹದ ಆ ವರದಿಯನ್ನು ಟೈಪು ಮಾಡಬೇಕಾದವಳೂ ಅವಳೇ. ಆಫೀಸಿಗೆ ಬಂದು ಕೂತು ಮಾಡಿದಳು. ಗಂಡನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು. ಕತ್ತೆಗೆ ನೆರಳು ಹುಡುಕಿ ಕಟ್ಟಿದವನು, ಕೊನೆಯ ಉಸಿರಿನಲ್ಲೂ ಅದನ್ನು ಮರೆಯದವನು, ಆ ಹಾಳೆಯ ಮೇಲೆ ಅದನ್ನು ಸಾಯಲು ಬಿಟ್ಟವನಾದ. ಒಂದು ಅಕ್ಷರವೂ ತಪ್ಪಾಗಲಿಲ್ಲ. ಅದೇ ಅವಳಿಗೆ ಹೆಚ್ಚು ಅಸಹ್ಯವೆನಿಸಿತು.

ಮಧ್ಯಾಹ್ನ ಮೂರಕ್ಕೆ ಮರಳಜ್ಜಿಯನ್ನು ಕರೆಸಿದರು. ಕಾಯ್ದೆಯಲ್ಲಿ ಮಾಲೀಕರಿಗೂ ಒಂದು ಹೊಣೆ ಇತ್ತು. ಪ್ರಾಣಿಯನ್ನು ಇನ್ನೊಬ್ಬರಿಗೆ ಕೊಟ್ಟರೂ ಅದರ ಯೋಗಕ್ಷೇಮ ವಿಚಾರಿಸುತ್ತಿರಬೇಕು. ವಿಚಾರಿಸಿದ್ದರೆ ಅವರು ಪಾರು. ವಿಚಾರಿಸದಿದ್ದರೆ ನಿರ್ಲಕ್ಷ್ಯ, ಪ್ರಾಣಿಯನ್ನು ವಾಪಸ್ಸು ಕೊಡುವುದಿಲ್ಲ. ಇದನ್ನೂ ಅವಳೇ ಕರಪತ್ರದಲ್ಲಿ ಬಿಡಿಸಿ ಬರೆದಿದ್ದಳು.

ಅಜ್ಜಿ ಮೊದಲು ಪ್ರಾಣಿಶಾಲೆಗೆ ಹೋಗಿ ನೋಡಿ ಬಂದಿದ್ದಳು. ಸೆರಗು ಒದ್ದೆಯಾಗಿತ್ತು. ಆದರೂ ಬಾಯಿ ಜೋರೇ.

"ಕೂತ್ಕೋ ಅಜ್ಜಿ" ಅಂದರು ಇನ್ಸ್‌ಪೆಕ್ಟರ್.

"ಕೂರಕ್ಕೆ ಬಂದಿಲ್ಲ. ಕೇಳು ಅದೇನು ಕೇಳ್ತೀಯೋ."

"ಕತ್ತೆ ಕೊಟ್ಟ ಮೇಲೆ ಯಾವಾಗ್ಲಾದ್ರೂ ಹೋಗಿ ನೋಡಿದ್ದೀಯಾ?"

"ಹೋಗೋದ್ಯಾಕೆ? ದಿನಾ ನನ್ನ ಬಾಗಿಲ ಮುಂದೇನೇ ಹತ್ತಿ ಇಳೀತಿದ್ಲು. ಕರೆದರೆ ತಿರುಗೀನೂ ನೋಡ್ತಿರಲಿಲ್ಲ. ಡ್ಯೂಟಿ ಮೇಲಿದ್ದಾಗ ಅವಳಿಗೆ ಸಂಬಂಧಿಕರು ಯಾರೂ ಇಲ್ಲ. ನಿಮ್ಮ ಹಾಗಲ್ಲ."

ಇನ್ಸ್‌ಪೆಕ್ಟರ್‌ಗೆ ನಗು ಬಂತು, ನುಂಗಿಕೊಂಡರು. "ಸೋಮವಾರದಿಂದ ಕಾಣ್ಲಿಲ್ವಲ್ಲ. ಮೇಸ್ತ್ರಿ ತೀರಿಕೊಂಡದ್ದೂ ಗೊತ್ತಿತ್ತು. ಕತ್ತೆ ಎಲ್ಲಿದೆ ಅಂತ ಯಾರನ್ನಾದ್ರೂ ಕೇಳಿದ್ಯಾ?"

ಅವಳು ಪಕ್ಕದ ಮೇಜಿನಲ್ಲಿ ಹೇಳಿಕೆ ಟೈಪು ಮಾಡುತ್ತಿದ್ದಳು. ಬೆರಳು ನಿಂತವು. ಅಜ್ಜಿ ತಲೆ ತಿರುಗಿಸಿ ಅವಳನ್ನು ನೋಡಿದಳು. ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಗೋಡೆ ಎಷ್ಟು ವಾಲಿದೆ ಎಂದು ನೋಡುವವರ ಹಾಗೆ ನೋಡಿದಳು.

"ಇಲ್ಲ" ಅಂದಳು.

"ಯಾರನ್ನೂ ಕೇಳ್ಲಿಲ್ವಾ?"

"ಇಲ್ಲಪ್ಪಾ."

"ಯಾಕಜ್ಜಿ?"

"ವಯಸ್ಸಾಯ್ತು. ಮರೆತೆ."

"ಏನು? ಹೆಡ್ಮಿಸ್ಸನ್ನ ಮರೆತ್ಯಾ? ಅಜ್ಜೀ, ನಾನೇನು ನಿನ್ನೆ ಹುಟ್ಟಿದವನಾ?"

"ಮರೆತೆ ಅಂದ್ನಲ್ಲ. ಬರ್ಕೋ."

"ಬರ್ಕೊಂಡ್ರೆ ಕತ್ತೆ ನಿನ್ನ ಕೈ ತಪ್ಪುತ್ತೆ. ಗೊತ್ತಾಗ್ತಿದೆಯಾ?"

ಅಜ್ಜಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಗೊತ್ತಾಗ್ತಿದೆ. ಬರ್ಕೋ ಅಂದೆ."

ಯಂತ್ರದ ಸದ್ದು ಶುರುವಾಗಲಿಲ್ಲ. ಇನ್ಸ್‌ಪೆಕ್ಟರ್ ಅವಳತ್ತ ನೋಡದೆ, "ಟೈಪು ಮಾಡಮ್ಮಾ" ಅಂದರು.

"ಸಾರ್, ಅಜ್ಜಿ ಕೇಳಿದ್ರು."

"ಏನು?"

"ಮಂಗಳವಾರ, ಸ್ಮಶಾನದ ಗೇಟಲ್ಲಿ. ನನ್ನನ್ನೇ ಕೇಳಿದ್ರು. ಯಾರೋ ನೋಡ್ಕೋತಿದಾರೆ ಅಂತ ನಾನು ಹೇಳಿದೆ. ಯಾರೂ ನೋಡ್ಕೋತಿರಲಿಲ್ಲ. ಅದು ನನಗೆ ಗೊತ್ತಿತ್ತು."

"ಅಮ್ಮಾ, ನೀನು ಈಗ ದುಃಖದಲ್ಲಿದ್ದೀಯ. ಮನೆಗೆ ಹೋಗು."

"ಸೋಮವಾರ ಆಸ್ಪತ್ರೇಲಿ ಅವನು ಹೇಳಿದ. ಮೇಲೇ ಕಟ್ಟಿದೀನಿ, ಕೀಲಿ ಜೇಬಲ್ಲಿದೆ, ಅಜ್ಜಿಗೆ ಹೇಳು ಅಂತ. ನಾನು ಹೇಳ್ತೀನಿ ಅಂದೆ. ಅವತ್ತಿನಿಂದ ಕೀಲಿ ನನ್ನ ಹತ್ರಾನೇ ಇತ್ತು. ಬೀಗ ಒಡೀಲಿಲ್ಲ ಸಾರ್. ನೀವು ತೆಗೆದ್ರಿ."

ಇನ್ಸ್‌ಪೆಕ್ಟರ್ ಮೇಜಿಗೆ ಅಂಗೈ ಬಡಿದರು. "ಯೋಚನೆ ಇದೆಯಾ ನಿನಗೆ? ಹೊರಗಿನವರಾಗಿದ್ರೆ ಒಂದು ದಂಡ ಕಟ್ಟಿ ಕೈ ತೊಳ್ಕೋತಾರೆ. ನೀನು ಈ ಶಾಖೆಯವಳು. ಕರಪತ್ರ ಬರೆದವಳು. ಊರೆಲ್ಲ ಆಡ್ಕೊಂಡು ನಗುತ್ತೆ. ನನ್ನ ವರದಿ ಸುಳ್ಳು ಅಂತಾನೂ ಆಗುತ್ತೆ, ಅದು ಬೇರೆ ಮಾತು."

"ನಿಮ್ಮ ವರದಿಗೆ ಇನ್ನೂ ಸಹಿ ಆಗಿಲ್ಲ ಸಾರ್."

ಎರಡು ನಿಮಿಷ ಕಳೆಯಿತು. ಅಜ್ಜಿ ಯಾರೂ ಹೇಳದೆಯೇ ಕುರ್ಚಿಯಲ್ಲಿ ಕೂತಳು. ಇನ್ಸ್‌ಪೆಕ್ಟರ್ ವರದಿಯ ಹಾಳೆಯನ್ನು ಎರಡಾಗಿ ಹರಿದು, ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಅವಳು ಹೊಸ ಹಾಳೆ ಏರಿಸಿದಳು. ಘಟನೆಯ ಕಾಲಕ್ಕೆ ಪ್ರಾಣಿ ಯಾರ ಸುಪರ್ದಿಯಲ್ಲಿತ್ತು ಎಂಬ ಕಡೆ ತನ್ನ ಹೆಸರು ಒತ್ತಿದಳು. ಈ ಸಲ ಒಂದು ಅಕ್ಷರ ತಪ್ಪಾಯಿತು. ಅಳಿಸಿ ಮತ್ತೆ ಒತ್ತಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯಲ್ಲಿ. ಬೇರೆಯವರ ಬಾಯಿಂದ ಬರುವ ಮುಂಚೆ ತಾನೇ ಹೇಳಬೇಕೆಂದು ಹೋದವಳೇ ಅತ್ತೆಯ ಮುಂದೆ ಕೂತು ಹೇಳಿದಳು. ಅತ್ತೆಗೆ ಕೇಸು, ದಂಡ ಯಾವುದೂ ಕಿವಿಗೆ ಬೀಳಲಿಲ್ಲ.

"ಹಾಗಾದ್ರೆ ಅವನು ಮಾತಾಡಿದ್ನಾ?"

"ಹೂಂ."

"ನಾನು ಅಷ್ಟು ಸಲ ಕೇಳಿದ್ನಲ್ಲೇ. ಬಂದವರೆಲ್ಲ ಕೇಳಿದ್ರು. ಮಗ ಏನೂ ಹೇಳದೆ ಹೋದ ಅಂತ ನಾನು ಎಲ್ಲರ ಮುಂದೆ ಅತ್ಕೊಂಡೆ."

"ನನಗೆ ನಾಚಿಕೆ ಆಯ್ತು ಅತ್ತೆ. ಕತ್ತೆ ಬಗ್ಗೆ ಹೇಳಿದ ಅನ್ನೋದಕ್ಕೆ."

"ಚಿಕ್ಕವನಿದ್ದಾಗ ಬೆಕ್ಕಿಗೆ ಹಾಕದೆ ಉಣ್ತಿರಲಿಲ್ಲ ಅವನು" ಅಂದರು. "ಅವನ ಬಾಯಲ್ಲಿ ಇನ್ನೇನು ಬರುತ್ತೆ ಅನ್ಕೊಂಡೆ? ನನ್ನ ಮಗನ ಮಾತು ಅದು. ನೀನು ಅದನ್ನ ಮುಚ್ಚಿಟ್ಕೊಂಡೆ." ಆ ರಾತ್ರಿ ಅವಳಿಗೆ ಬಡಿಸಲಿಲ್ಲ. ಮಾರನೇ ದಿನ ಬಡಿಸಿದರು, ಮಾತಾಡಲಿಲ್ಲ.

ತೀರ್ಪಿಗೆ ಮೂರು ವಾರ ಹಿಡಿಯಿತು. ದಂಡ ಬಿತ್ತು. ಒಂದು ವರ್ಷ ಯಾವ ಪ್ರಾಣಿಯನ್ನೂ ಅವಳು ತನ್ನ ಸುಪರ್ದಿಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಚಿಕಿತ್ಸೆಯ ಖರ್ಚು ಅವಳದೇ. ನ್ಯಾಯಾಧೀಶರು ಕರಪತ್ರದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, ಇದನ್ನು ಬರೆದವರು ನೀವೇನಾ ಎಂದು ಕೇಳಿದರು. ಹೌದು ಅಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಫೀಸಿನಲ್ಲಿ ಅವಳನ್ನು ನೀರಿನ ಕಂದಾಯದ ಶಾಖೆಗೆ ಹಾಕಿದರು. ಗೋಡೆಯ ಮೇಲಿನ ಕರಪತ್ರಗಳನ್ನು ಯಾರೂ ಕೀಳಲಿಲ್ಲ. ಬೆಳಗ್ಗೆ ಸಂಜೆ ಅವಳು ಅವುಗಳ ಮುಂದೆಯೇ ನಡೆದು ಹೋಗಬೇಕಾಗಿತ್ತು. ಟೈಲರ್ ಅಂಗಡಿಯ ಪಕ್ಕ ಅಂಟಿಸಿದ್ದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಒಂದು ಕತ್ತೆಯ ಚಿತ್ರ ಬರೆದು, ಅದಕ್ಕೊಂದು ಕನ್ನಡಕ ಹಾಕಿದ್ದರು. ಅವಳು ಕನ್ನಡಕ ಹಾಕುತ್ತಿದ್ದಳು.

ಮಾಲೀಕರ ತಪ್ಪಿಲ್ಲ, ಕತ್ತೆಯನ್ನು ಅವರಿಗೆ ಒಪ್ಪಿಸುವುದು ಎಂದು ತೀರ್ಪಿನಲ್ಲಿತ್ತು. ಒಪ್ಪಿಸಲು ಪ್ರಾಣಿಶಾಲೆಯ ಆಳು ಹೊರಟಾಗ ಅವಳು ಇನ್ಸ್‌ಪೆಕ್ಟರ್ ಮುಂದೆ ಬಂದು ನಿಂತಳು.

"ನಾನು ಕರ್ಕೊಂಡು ಹೋಗ್ತೀನಿ ಸಾರ್. ಅವನು ತಂದದ್ದು."

"ನೀನು ಪ್ರಾಣಿ ಮುಟ್ಟೋ ಹಾಗಿಲ್ಲ ಅಂತ ಮೂರು ಪುಟ ಬರೆದಿದ್ದಾರಲ್ಲಮ್ಮಾ." ಅವರು ತೀರ್ಪಿನ ಹಾಳೆ ತಿರುಗಿಸಿ, ಬೆರಳಿಟ್ಟು ಓದಿದರು. "ನಾಳೆಯಿಂದ ಜಾರಿ ಅಂತಿದೆ. ಹೋಗು. ಸಹಿ ಹಾಕಿಸ್ಕೊಂಡು ಬಾ."

ಅವಳು ಹಗ್ಗ ಹಿಡಿದು ಬೀದಿಯಲ್ಲಿ ನಡೆದಳು. ಹೆಡ್ಮಿಸ್ ಹಗ್ಗಕ್ಕೆ ಒಪ್ಪಿಕೊಂಡು ಪಕ್ಕದಲ್ಲೇ ಬಂತು. ಮೊದಲಾಗಿದ್ದರೆ ಒಪ್ಪುತ್ತಿರಲಿಲ್ಲ. ಅಂಗಡಿಯವರು ಇಣುಕಿದರು. ಯಾರೋ, "ಗುಮಾಸ್ತೆ ಮೇಡಂ, ಇವತ್ತು ನೀರು ಕುಡಿಸಿದ್ರಾ?" ಎಂದು ಕೂಗಿದರು. ಅವಳು, "ಕುಡಿಸಿದೀನಿ" ಅಂದಳು. ನಿಜವಾಗಿಯೂ ಕುಡಿಸಿದ್ದಳು. ದಾರಿಯುದ್ದಕ್ಕೂ ಅಜ್ಜಿಗೆ ಹೇಳಲು ಒಂದು ಮಾತು ಜೋಡಿಸಿಕೊಂಡು ಹೋದಳು. ಬಾಗಿಲು ಬರುವಷ್ಟರಲ್ಲಿ ಅದು ನೋಟಿಸಿನ ಭಾಷೆಯ ಹಾಗೆ ಕೇಳತೊಡಗಿತ್ತು. ಬಿಟ್ಟುಬಿಟ್ಟಳು.

ಅಜ್ಜಿ ಹೊರಗೆ ಬಂದು ಮೊದಲು ಕತ್ತೆಯ ಬಾಯಿ ತೆರೆದು ನೋಡಿದಳು. ಕಿವಿಯೊಳಗೆ ಬೆರಳು ಹಾಕಿದಳು. ಮುಂಗಾಲು ಎತ್ತಿಸಿದಳು. ಕುತ್ತಿಗೆಯ ಸುತ್ತ ಕೂದಲಿಲ್ಲದ ಗುಲಾಬಿ ಪಟ್ಟಿಯ ಮೇಲೆ ಅಂಗೈ ಇಟ್ಟು ನಿಂತಳು.

"ಇಲ್ಲಿ ಕೂದಲು ಬರಲ್ಲ ಇನ್ನು."

"ಬರುತ್ತೆ ಅಂದ್ರು ಡಾಕ್ಟರಮ್ಮ."

"ಡಾಕ್ಟರಮ್ಮ ಎಷ್ಟು ಕತ್ತೆ ಸಾಕಿದಾಳೆ?"

ಅವಳು ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಅವತ್ತು ನಾನು ಮರೆತೆ ಅಂದೆನಲ್ಲ, ಅದು ನಿನ್ನ ಮುಖ ನೋಡಿ ಅಲ್ಲ."

"ಗೊತ್ತಜ್ಜಿ."

"ನನ್ನ ಗೋಡೆ ಕಟ್ಟಿದವನ ಹೆಂಡತೀನ, ಅವನು ಹೋಗಿ ನಾಲ್ಕು ದಿನಕ್ಕೆ ಕಟಕಟೆಗೆ ಹತ್ತಿಸೋಕೆ ನನಗೆ ಮನಸ್ಸಾಗಲಿಲ್ಲ. ನೀನೇ ಹತ್ತಿದೆ. ಒಳ್ಳೇದಾಯ್ತು. ಸುಮ್ಮನಿದ್ದಿದ್ರೆ ಸಾಯೋ ತನಕ ನಿನ್ನ ಮುಖ ನೋಡ್ತಿರಲಿಲ್ಲ ನಾನು."

"ಈಗ ನೋಡ್ತೀರಾ?"

"ಈಗ ಕತ್ತೆ ನೋಡ್ತಿದೀನಿ" ಅಂದಳು ಅಜ್ಜಿ.

ಅವಳು ಚೀಲದಿಂದ ಸ್ವೀಕೃತಿ ಪತ್ರ ತೆಗೆದಳು. ಇಲ್ಲಿ ಸಹಿ ಬೇಕು ಎಂದು ತೋರಿಸಿದಳು.

"ಏನು ಬರೆದಿದೆ? ಓದು. ಕಣ್ಣು ಮಂಜು ನನಗೆ."

"ಮೇಲ್ಕಂಡ ಪ್ರಾಣಿಯನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ."

"ಸುಸ್ಥಿತಿ ಅಂದ್ರೆ ಹೇಗೆ ಹೋಗಿತ್ತೋ ಹಾಗೇ ಬಂತು ಅಂತ ತಾನೇ?"

"ಹೌದು."

"ಅದನ್ನ ಹೊಡೆದು ಹಾಕು."

ಅವಳು ಪತ್ರವನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು, ಆ ಒಂದು ಪದದ ಮೇಲೆ ಗೆರೆ ಎಳೆದಳು. ತಿದ್ದಿದ ಕಡೆ ತಿದ್ದಿದವರ ಸಹಿ ಇರಬೇಕೆಂಬುದು ಆಫೀಸಿನ ನಿಯಮ. ಪಕ್ಕದಲ್ಲಿ ಸಣ್ಣದಾಗಿ ತನ್ನ ಸಹಿ ಹಾಕಿದಳು. ಅಜ್ಜಿ ಪೆನ್ನು ತೆಗೆದುಕೊಂಡು, ಉಸಿರು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಪೆನ್ನು ವಾಪಸ್ಸು ಕೊಟ್ಟಳು. ಆಮೇಲೆ ಕೈ ಚಾಚಿದಳು, ಅವಳು ಹಗ್ಗವನ್ನು ಆ ಕೈಗೆ ಕೊಟ್ಟಳು.